ಎಡಗೈಯ ಬಳೆ

"ಪೂರ್ತಿ ಕಲಿತವನನ್ನು ಮತ್ತೊಬ್ಬರು ಪರೀಕ್ಷಿಸಬೇಕೇಕೆ, ಬುದ್ಧಿ?"

ಹೀಗೆ ಕೇಳಿದವನು ಪ್ರಭುಲಿಂಗ. ಮಠದ ಪಾಠಶಾಲೆಯಲ್ಲಿ ಓದಿ, ಅಲ್ಲಿಯೇ ಪಾಠ ಹೇಳುವವನಾಗಿದ್ದ. ಆ ಪಾಠಶಾಲೆಗೆ ಒಂದು ಕಟ್ಟಳೆ ಇತ್ತು. ಪಾಠ ಹೇಳುವವನು ತರಗತಿಗೆ ಹೋಗುವ ಮುನ್ನ ಅಂದಿನ ಪಾಠವನ್ನು ಮತ್ತೊಬ್ಬನ ಮುಂದೆ ಬಾಯಿಪಾಠ ಒಪ್ಪಿಸಬೇಕು. ಕೇಳುವವನು ಪುಸ್ತಕ ತೆರೆದುಕೊಂಡು ಕೂತಿರಬೇಕು. ಪ್ರಭುಲಿಂಗನ ಬಾಯಲ್ಲಿ ತಪ್ಪು ಸಿಕ್ಕಿ ವರ್ಷಗಳೇ ಆಗಿದ್ದವು. ಈ ಕಟ್ಟಳೆಯಿಂದ ತನ್ನನ್ನು ಬಿಡಬೇಕೆಂದು ಕೇಳಲು ಅವನು ಬಂದಿದ್ದ.

"ಕೂತುಕೋ," ಎಂದರು ಗುರುಗಳು. "ಬೆನ್ನು ನೆಟ್ಟಗಿರಲಿ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಅವರು ಹೇಳಿದ ಕತೆ ಇದು.

ಯುರೋಪಿನ ಉತ್ತರಕ್ಕೆ ನಾರ್ವೆ ಎಂಬ ದೇಶವಿದೆ. ಅಲ್ಲಿನ ಒಂದು ಬಂದರಿನಲ್ಲಿ ಸಿಗ್ರಿಡ್ ಎಂಬ ಹೆಣ್ಣುಮಗಳು ಬೆಳೆದಳು. ಅವಳ ತಂದೆ, ಸಮುದ್ರದೊಳಗೆ ಮುಳುಗಿ ಕೆಲಸ ಮಾಡುವವರ ಉಡುಪುಗಳನ್ನು ದುರಸ್ತಿ ಮಾಡುತ್ತಿದ್ದ. ಮಗಳ ಬೆರಳನ್ನು ಹಿಡಿದು ರಬ್ಬರಿನ ಮೇಲೆ ಆಡಿಸಿ, ಯಾವುದು ಗಟ್ಟಿ, ಯಾವುದು ಬಿರಿಯಲಿದೆ ಎಂದು ತೋರಿಸುತ್ತಿದ್ದ. ಅವಳು ಕೇಳಿದ ಪ್ರಶ್ನೆಗಳಿಗೆ ಅವನ ಬಳಿ ಉತ್ತರ ಮುಗಿದಾಗ ಅವಳನ್ನು ಪಟ್ಟಣದ ಕಾಲೇಜಿಗೆ ಕಳಿಸಿದ. ಅವಳು ಎಂಜಿನಿಯರಾದಳು.

ಗಗನಯಾತ್ರಿಗಳು ತೊಡುವ ಉಡುಪು ಅವಳ ಪಾಲಿನ ಕೆಲಸವಾಯಿತು, ಅದರಲ್ಲಿಯೂ ಮಣಿಕಟ್ಟು. ಉಡುಪಿನ ತೋಳು ಮುಗಿದು ಕೈಗವಸು ಶುರುವಾಗುವಲ್ಲಿ ಒಂದು ಲೋಹದ ಬಳೆ ಇರುತ್ತದೆ. ಬಳೆಯ ಒಳಗೆ ರಬ್ಬರಿನ ವಾಷರು ಇರುತ್ತದೆ. ಒಳಗಿನ ಗಾಳಿ ಹೊರಗೆ ಹೋಗದಂತೆ ತಡೆಯುವುದು ಆ ವಾಷರು. ಅದರ ಮೇಲೆ ಒಂದು ಕೂದಲೆಳೆ ಬಿದ್ದಿದ್ದರೂ ಕೇಡು. ಬೆಚ್ಚಗಿರುವಾಗ ರಬ್ಬರು ಆ ಕೂದಲನ್ನು ಒತ್ತಿ ಹಿಡಿದುಕೊಂಡು ಏನೂ ಆಗಿಲ್ಲವೆಂಬಂತೆ ಇರುತ್ತದೆ. ಹೊರಗಿನ ನೆರಳಿನ ಚಳಿಯಲ್ಲಿ ಕುಗ್ಗಿದಾಗ ಕೂದಲಿನ ಪಕ್ಕದಿಂದ ಗಾಳಿ ಸೋರುತ್ತದೆ. ಅಲ್ಲಿ ಗಾಳಿ ಸೋರುವುದೆಂದರೆ ಪ್ರಾಣ ಸೋರುವುದು. ಹಿಂದಿನವರು ಮಾಡಿದ್ದ ಬಳೆಯನ್ನು ಸಿಗ್ರಿಡ್ ಪಕ್ಕಕ್ಕಿಟ್ಟು ಹೊಸದನ್ನು ಮಾಡಿದಳು. ಹೊರಗೆ ಹೋಗುವವರೆಲ್ಲ ಅವಳ ಬಳೆಯನ್ನೇ ತೊಟ್ಟರು. ಒಂದೂ ಸೋರಲಿಲ್ಲ.

ಆಮೇಲೆ ತಾನೇ ಹೋಗಬೇಕೆಂಬ ಆಸೆ ಅವಳಿಗೆ ಹುಟ್ಟಿತು. ಅರ್ಜಿ ಹಾಕಿದಳು. ನಿನ್ನಂಥವಳು ನೆಲದ ಮೇಲಿದ್ದರೇ ಹೆಚ್ಚು ಉಪಯೋಗ ಎಂದು ಹೇಳಿ ಕಳಿಸಿದರು. ಕೆಲವು ವರ್ಷ ಬಿಟ್ಟು ಮತ್ತೆ ಹಾಕಿದಳು. ಈ ಸಲ ತೆಗೆದುಕೊಂಡರು. ರಷ್ಯನ್ ಭಾಷೆ ಕಲಿತಳು. ಹಿಮದ ಕಾಡಿನಲ್ಲಿ ಬದುಕಿ ಬರುವುದನ್ನು ಕಲಿತಳು. ದೊಡ್ಡ ಕೊಳದ ತಳದಲ್ಲಿ, ಭಾರದ ಉಡುಪು ತೊಟ್ಟು, ನಟ್ಟು ಬಿಚ್ಚಿ ನಟ್ಟು ಹಾಕುವುದನ್ನು ಕಲಿತಳು. ಕಲಿತ ಮೇಲೆ ಅವಳನ್ನು ಬದಲಿಯವಳನ್ನಾಗಿ ಇಟ್ಟರು. ಹೋಗಬೇಕಾದವರಿಗೆ ಜ್ವರ ಬಂದರೆ ಅವಳು ಹೋಗಬೇಕು. ಯಾರಿಗೂ ಜ್ವರ ಬರಲಿಲ್ಲ.

ಕಾಯುವ ಆ ವರ್ಷಗಳಲ್ಲಿ ಅವಳು ಕಿರಿಯರಿಗೆ ಪಾಠ ಹೇಳಿದಳು. ಅವರ ಕಸುಬಿಗೆ ಒಂದು ಕಟ್ಟಳೆ ಇದೆ. ಉಡುಪು ತೊಟ್ಟವನು ತನ್ನ ಬಳೆಯನ್ನು ತಾನೇ ನೋಡಿದರೆ ಅದು ನೋಡಿದಂತಲ್ಲ. ಇನ್ನೊಬ್ಬರು ನೋಡಬೇಕು. ತೊಟ್ಟವನು ಕೈ ಎತ್ತಿ 'ಬಲ' ಎನ್ನಬೇಕು. ನೋಡುವವನು ವಾಷರನ್ನು ಸುತ್ತಲೂ ದೀಪ ಹಿಡಿದು ನೋಡಿ, ಕೈಗವಸನ್ನು ಬಳೆಗೆ ಸೇರಿಸಿ, ತೋಳಿಗೆ ಒಂದು ಬಿಳಿ ಪಟ್ಟಿ ಅಂಟಿಸಬೇಕು. ಆಮೇಲೆ 'ಎಡ'. ರೆನಾತೊ ಎಂಬ ಇಟಲಿಯ ಡಾಕ್ಟರೊಬ್ಬ ಅವಳ ಬಳಿ ಕಲಿಯುತ್ತಿದ್ದ. ಒಂದು ದಿನ ಅವನು ಯಾರೊಡನೆಯೋ ನಗುತ್ತ, ಕಣ್ಣು ಅತ್ತ ಇಟ್ಟು, ಇತ್ತ ಪಟ್ಟಿ ಅಂಟಿಸಿದ. ಸಿಗ್ರಿಡ್ ಅವನನ್ನು ಆ ದಿನದ ಮಟ್ಟಿಗೆ ಕೊಳದಿಂದ ಹೊರಗೆ ಕಳಿಸಿದಳು. ಅಂದಿನಿಂದ ಅವನು ಅವಳನ್ನು 'ಮೇಷ್ಟ್ರಮ್ಮ' ಎಂದು ಕರೆಯತೊಡಗಿದ. ತಮಾಷೆಗೆ ಶುರುವಾದದ್ದು, ಹಾಗೆಯೇ ಉಳಿಯಿತು.

ಕೊನೆಗೆ ಅವಳ ಸರದಿ ಬಂತು. ತಲೆ ನರೆಯುವ ವಯಸ್ಸಿನಲ್ಲಿ ಅವಳು ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಳು. ರೆನಾತೊ ಜೊತೆಗಿದ್ದ. ಅಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡಿದಳು. ಎಲ್ಲವೂ ಒಳಗಿನ ಕೆಲಸ. ಹೊರಗೆ ಹೋಗುವ ಅವಕಾಶ ಒಂದೇ ಇತ್ತು. ನಿಲ್ದಾಣದ ಹೊರಮೈಯ ಮೇಲೆ ಒಂದು ಪಂಪು ದುರ್ಬಲವಾಗಿತ್ತು. ಅದನ್ನು ಬದಲಿಸಲು ಅವಳೂ ಇನ್ನೊಬ್ಬ ಜೊತೆಗಾರನೂ ಹೋಗಬೇಕೆಂದು ಗೊತ್ತಾಯಿತು. ಊರಿಗೆ ಮರಳುವವರು ಹೊರಡುವುದಕ್ಕೆ ಕೆಲವು ದಿನ ಮೊದಲಿನಿಂದ ಹೊರಗೆ ಕಾಲಿಡಬಾರದೆಂಬ ನಿಯಮವಿದೆ. ಅವಳು ಮರಳುವ ದಿನ ನಿಗದಿಯಾಗಿತ್ತು; ಪಂಪು ಬದಲಿಸುವ ದಿನದ ಮರುದಿನದಿಂದಲೇ ಅವಳಿಗೆ ಆ ನಿಯಮ ಅನ್ವಯಿಸುತ್ತಿತ್ತು. ಈ ದಿನ ತಪ್ಪಿದರೆ ಅವಳಿಗೆ ಇನ್ನೊಂದು ದಿನವಿಲ್ಲ. ಅವಳ ವಯಸ್ಸಿನವರನ್ನು ಮತ್ತೊಮ್ಮೆ ಕಳಿಸುವ ವಾಡಿಕೆಯೂ ಇಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಹೊರಗೆ ಹೋಗುವ ಮುನ್ನ ಉಡುಪಿನೊಳಗೆ ಗಂಟೆಗಟ್ಟಲೆ ಶುದ್ಧ ಆಮ್ಲಜನಕ ಉಸಿರಾಡುತ್ತ ಕೂರಬೇಕು. ಕೂರದಿದ್ದರೆ ಹೊರಗೆ ಹೋದಾಗ ನೆತ್ತರಿನಲ್ಲಿ ಗುಳ್ಳೆ ಏಳುತ್ತದೆ. ಉಡುಪನ್ನು ಎಲ್ಲಿಯಾದರೂ ಒಮ್ಮೆ ತೆರೆದರೆ ಆ ಕೂತದ್ದೆಲ್ಲ ವ್ಯರ್ಥ, ಮೊದಲಿನಿಂದ ಕೂರಬೇಕು. ಅಷ್ಟು ಹೊತ್ತು ಅಂದು ಉಳಿಯುವುದಿಲ್ಲ.

ಸಿಗ್ರಿಡ್ ಕೂತಳು. ಅವಧಿ ಮುಗಿಯುತ್ತ ಬಂತು. ಜೊತೆಗಾರ ಬಾಗಿಲಿನ ಬಳಿ ಸಿದ್ಧನಾಗಿದ್ದ. ಉಪಕರಣಗಳ ದಾರವನ್ನು ಅವಳ ಎಡ ಮಣಿಕಟ್ಟಿಗೆ ಕಟ್ಟಲು ರೆನಾತೊ ತೇಲಿ ಬಂದ. ಕಟ್ಟಲಿಲ್ಲ. ಅವಳ ಬಲಗೈಯನ್ನು ಹಿಡಿದು ನೋಡಿದ. ಮತ್ತೆ ಎಡಗೈಯನ್ನು ನೋಡಿದ.

"ಮೇಷ್ಟ್ರಮ್ಮ, ನಿಮ್ಮ ಎಡಗೈಯ ವಾಷರನ್ನು ನಾನು ನೋಡಿಲ್ಲ."

"ನೋಡಿದ್ದೀರಿ. ನಾನೇ ಕೈ ಎತ್ತಿ 'ಎಡ' ಎಂದೆನಲ್ಲ."

"ಎಂದಿರಿ. ಪಟ್ಟಿ ಎರಡೂ ಬಲಗೈ ಮೇಲಿವೆ."

ಅವಳು ನೋಡಿಕೊಂಡಳು. ಬಲತೋಳಿನ ಮೇಲೆ ಎರಡು ಬಿಳಿ ಪಟ್ಟಿಗಳಿದ್ದವು. ಎಡತೋಳು ಬರಿದಾಗಿತ್ತು.

ಆದದ್ದು ಇಷ್ಟು. ರೆನಾತೊ ಬಲಗೈಯನ್ನು ನೋಡಿ ಪಟ್ಟಿ ಅಂಟಿಸಿದ್ದ. ಆಗ ಒರೆಸುವ ಬಟ್ಟೆ ಅವನ ಕೈ ಜಾರಿ ಮೇಲಕ್ಕೆ ತೇಲಿತು. ಅದನ್ನು ಹಿಡಿಯಲು ಹೋದವನು ಮಗುಚಿಕೊಂಡು, ತಲೆ ಕೆಳಗೆ ಕಾಲು ಮೇಲಾಗಿ ಮರಳಿದ. ಆ ಊರಿನಲ್ಲಿ ಮೇಲು ಕೆಳಗು ಎಂಬುದಿಲ್ಲ. ಹಾಗೆ ಮರಳಿದವನಿಗೆ ಎದುರಿನವರ ಬಲ ಯಾವುದು, ಎಡ ಯಾವುದು ಎಂಬುದೂ ಅದಲುಬದಲಾಗುತ್ತದೆ. ಸಿಗ್ರಿಡ್ ಎಡಗೈ ಎತ್ತಿದ್ದರೆ ಗೊತ್ತಾಗುತ್ತಿತ್ತು. ಅದೇ ಹೊತ್ತಿಗೆ ನೆಲದ ಕೇಂದ್ರದವರು ಮಾತನಾಡುತ್ತಿದ್ದರು. ಅವಳ ಕಿವಿ ಅಲ್ಲಿತ್ತು. ಬಾಯಿ 'ಎಡ' ಎಂದಿತು. ಎತ್ತಿದ ಬಲಗೈ ಇಳಿಯಲೇ ಇಲ್ಲ. ಮೊದಲ ಪಟ್ಟಿ ತೋಳಿನ ಆಚೆ ಮಗ್ಗುಲಿಗಿತ್ತು; ಕೈಗವಸು ಸೇರಿಯೇ ಇದ್ದ ಆ ಕೈಯನ್ನು ಎಡಗೈ ಎಂದುಕೊಂಡು, ನೋಡಿ ಮುಗಿಸಿದ್ದೇನೆಂಬ ಭ್ರಮೆಯಲ್ಲಿ ರೆನಾತೊ ಎರಡನೆಯ ಪಟ್ಟಿಯನ್ನೂ ಅದಕ್ಕೇ ಅಂಟಿಸಿದ. ಎಡಗೈಯ ಕೈಗವಸನ್ನು ಬಳೆಗೆ ಸೇರಿಸಿಕೊಂಡವಳು ಅವಳೇ. ಸಾವಿರಾರು ಸಲ ಮಾಡಿದ ಕೈ ತಾನಾಗಿ ಮಾಡಿತ್ತು.

ಜೊತೆಗಾರ ಬಾಗಿಲಿನ ಬಳಿಯಿಂದ, "ಡಾಕ್ಟರೇ, ಎಡಬಲ ತಿಳಿಯದ ನೀವು ಆಸ್ಪತ್ರೆಯಲ್ಲಿ ಯಾರ ಯಾರ ಯಾವ ಕಾಲಿಗೆ ಕತ್ತರಿ ಹಾಕಿ ಬಂದಿದ್ದೀರೋ!" ಎಂದ.

"ಬೈಯುವವರು ಸರದಿಯಲ್ಲಿ ನಿಲ್ಲಿ," ಎಂದ ರೆನಾತೊ. ಆದರೆ ಅವನ ಮುಖದಲ್ಲಿ ನಗು ಇರಲಿಲ್ಲ. ಪಟ್ಟಿಯೊಂದನ್ನು ಬಲದಿಂದ ಕಿತ್ತು ಎಡಕ್ಕೆ ಅಂಟಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದು ಅವನಿಗೆ ಹೊಳೆದಿತ್ತು. ಅವಳಿಗೂ ಹೊಳೆಯಿತು. ಇಬ್ಬರೂ ಅದನ್ನು ಆಡಲಿಲ್ಲ.

ವಿಷಯವನ್ನು ನೆಲದ ಕೇಂದ್ರಕ್ಕೆ ತಿಳಿಸಿದರು. ಅಲ್ಲಿನ ಮುಖ್ಯಸ್ಥ ಹೇಳಿದ: "ಸಿಗ್ರಿಡ್, ಆ ಬಳೆ ನಿಮ್ಮದು. ಅದನ್ನು ನಿಮ್ಮಷ್ಟು ಬಲ್ಲವರು ಇಲ್ಲಿ ಯಾರೂ ಇಲ್ಲ. ಉಡುಪಿನ ಒತ್ತಡಮಾಪಕದ ಮುಳ್ಳು ಅಲುಗಾಡಿಲ್ಲ. ಬೆಳಿಗ್ಗೆ ನೀವೇ ವಾಷರನ್ನು ನೋಡಿದ್ದೀರಿ. ನೀವು ಸರಿ ಎಂದರೆ ನಮಗೂ ಸರಿ."

ಮುಖ್ಯಸ್ಥ ಕೆಟ್ಟವನಲ್ಲ. ಅವಳು ಎಷ್ಟು ವರ್ಷ ಕಾದಿದ್ದಳೆಂಬುದು ಅವನಿಗೆ ತಿಳಿದಿತ್ತು. ಕಟ್ಟಳೆಯ ಬಾಗಿಲನ್ನು ಅವಳೊಬ್ಬಳಿಗಾಗಿ ಒಂದಿಷ್ಟು ಓರೆ ಮಾಡಿದ.

ಸಿಗ್ರಿಡ್ ತನ್ನ ಎಡಗೈಯನ್ನು ನೋಡಿದಳು. ಬೆಳಿಗ್ಗೆ ಅವಳು ಆ ವಾಷರಿನ ಸುತ್ತ ಬೆರಳು ಆಡಿಸಿದ್ದಳು. ಅದು ಶುದ್ಧವಾಗಿತ್ತು. ಅದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಮುಳ್ಳು ಅಲುಗಾಡಿಲ್ಲವೆಂಬುದು ಏನನ್ನೂ ಹೇಳುವುದಿಲ್ಲವೆಂದೂ, ಬೆಚ್ಚಗಿನ ರಬ್ಬರು ಕೂದಲನ್ನು ಮುಚ್ಚಿಡುತ್ತದೆಂದೂ ಅವಳು ಇತರರಿಗೆ ಕಲಿಸಿದ್ದಳು. ಆದರೂ ಸಂಶಯವಿರಲಿಲ್ಲ. ಬಾಗಿಲು ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅದರಾಚೆ ಅವಳು ಕಾದ ವರ್ಷಗಳೆಲ್ಲ ನಿಂತಿದ್ದವು. 'ಸರಿ' ಎಂಬ ಒಂದು ಮಾತು ಸಾಕಿತ್ತು.

ಆ ಮಾತು ನಾಲಿಗೆಯ ತುದಿಗೆ ಬಂದಾಗ ಅವಳಿಗೆ ಇನ್ನೊಂದು ವಿಷಯ ಕಂಡಿತು. ಎಡಗೈ ಎತ್ತಿದೆನೆಂಬುದರಲ್ಲಿಯೂ ಅವಳಿಗೆ ಸಂಶಯವಿರಲಿಲ್ಲ. ಆ ನಂಬಿಕೆಯೂ ಇಷ್ಟೇ ಗಟ್ಟಿಯಾಗಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಳು. ಒಂದು ಸುಳ್ಳೆಂದು ಈಗ ತಿಳಿದಿದೆ. ಆದರೆ ಒಳಗಿನಿಂದ ನೋಡುವಾಗ ಎರಡಕ್ಕೂ ಒಂದೇ ಮುಖವಿತ್ತು.

ಅವಳು ಎಡಗೈಯನ್ನು ಎತ್ತಿ ರೆನಾತೊನ ಮುಂದೆ ಹಿಡಿದಳು.

"ಎಡ," ಎಂದಳು. "ಕಳಚಿ."

"ಮೇಷ್ಟ್ರಮ್ಮ, ಇನ್ನೊಮ್ಮೆ ಯೋಚಿಸಿ. ಕಳಚಿದರೆ ಇವತ್ತಿನದು ಮುಗಿಯಿತು."

"ಯೋಚಿಸಿದ್ದೇನೆ. ನೀವೂ ಕೊಳದ ಹೊರಗೆ ಕೂತಾಗ ಯೋಚಿಸಿದ್ದೀರಿ ಎಂದುಕೊಂಡಿದ್ದೇನೆ. ಕಳಚಿ."

ಅವನು ಕಳಚಿದ. ಒಳಗಿನ ಗಾಳಿ ಉಸಿರು ಬಿಟ್ಟಂತೆ ಹೊರಬಂತು. ಅಷ್ಟಕ್ಕೆ ಅವಳ ಬಾಹ್ಯಾಕಾಶ ನಡಿಗೆ ಮುಗಿಯಿತು. ಅವನು ದೀಪ ಹಿಡಿದು ವಾಷರನ್ನು ಸುತ್ತಲೂ ನೋಡಿದ. ನಿಧಾನವಾಗಿ ನೋಡಿದ. ಕೂದಲಿರಲಿಲ್ಲ. ಎಳೆಯಿರಲಿಲ್ಲ. ಧೂಳಿನ ಕಣವೂ ಇರಲಿಲ್ಲ.

"ಶುದ್ಧವಾಗಿದೆ," ಎಂದ. "ನನ್ನನ್ನು ಕ್ಷಮಿಸಿ."

"ಪಟ್ಟಿ ಅಂಟಿಸಿ," ಎಂದಳು ಸಿಗ್ರಿಡ್. "ನೋಡಿದ ಕೈಗೇ ಅಂಟಿಸಿ."

ಮರುದಿನ ಅವಳ ಬದಲು, ಇನ್ನೂ ಕೆಲವು ತಿಂಗಳು ಅಲ್ಲಿಯೇ ಉಳಿಯಲಿದ್ದ ರೆನಾತೊ ಹೊರಗೆ ಹೋದ. ಅವನ ಬಳೆಗಳನ್ನು ನೋಡಿದವಳು ಸಿಗ್ರಿಡ್. ಅವನು ಪಂಪು ಬದಲಿಸುವಾಗ, ಮುಂದಿನ ಹೆಜ್ಜೆ ಯಾವುದೆಂದು ಒಳಗಿನಿಂದ ಒಂದೊಂದಾಗಿ ಓದಿ ಹೇಳಿದವಳೂ ಅವಳೇ. ಅವಳ ದನಿ ಒಮ್ಮೆಯೂ ನಡುಗಲಿಲ್ಲ. ಕೆಲಸ ಮುಗಿಯಿತು. ಹೊಸ ಪಂಪು ನಡೆಯಿತು. ಗೊತ್ತಾದ ದಿನ ಅವಳು ಭೂಮಿಗೆ ಮರಳಿದಳು. ಮತ್ತೆ ಹೋಗಲಿಲ್ಲ.

ಆಮೇಲೆ ಅವಳು ತರಬೇತಿಯ ಮುಖ್ಯಸ್ಥೆಯಾಗಿ ಬಹಳ ಕಾಲ ದುಡಿದಳು. ಹೊಸಬರು ಕೆಲವರು ಅವಳ ಬಗ್ಗೆ ಮರುಕಪಡುತ್ತಿದ್ದರು. ಒಬ್ಬಳು ಎದುರಿಗೇ ಕೇಳಿದಳು, "ಹೊರಗೆ ಹೋಗಲಾಗಲಿಲ್ಲವೆಂದು ನಿಮಗೆ ವ್ಯಥೆಯಿಲ್ಲವೇ, ಮೇಡಂ?"

"ಇದೆ," ಎಂದಳು ಸಿಗ್ರಿಡ್. "ಬಲಗೈ ಎತ್ತು."

ಕತೆ ಇಲ್ಲಿಗೆ ಮುಗಿಯಿತು.

ಪ್ರಭುಲಿಂಗನ ಮುಖ ಅರಳಿತ್ತು. ಕತೆ ತನ್ನ ಕಡೆಗೇ ವಾಲಿತೆಂದು ಅವನಿಗೆ ತೋರಿತು. "ಅಪ್ಪಣೆಯಾದರೆ ಒಂದು ಮಾತು, ಬುದ್ಧಿ," ಎಂದ. "ಆಕೆ ಎಣಿಸಿದ್ದೇ ನಿಜವಾಯಿತಲ್ಲ! ವಾಷರು ಶುದ್ಧವಾಗಿಯೇ ಇತ್ತು. ಬಲ್ಲವಳ ಮಾತನ್ನು ನಂಬಿ ಬಿಟ್ಟಿದ್ದರೆ ಆಕೆ ಹೊರಗೆ ಹೋಗಿ ಸುಖವಾಗಿ ಬರುತ್ತಿದ್ದಳು. ಕಳಚಿ ನೋಡಿದ್ದರಿಂದ ಸಿಕ್ಕಿದ್ದೇನು?"

ಗುರುಗಳು ಅವನನ್ನೇ ನೋಡಿದರು.

"ಶುದ್ಧವಾಗಿತ್ತು ಎಂಬುದು ನಿನಗೆ ತಿಳಿದದ್ದು ಹೇಗೆ?"

ಪ್ರಭುಲಿಂಗ ಅಂದಿನ ಪಾಠದ ಪುಸ್ತಕವನ್ನು ತೆರೆದು ಗುರುಗಳ ಮುಂದಿಟ್ಟ.