ಹೇಸರಗತ್ತೆಯ ಕೂಗು

ಯುದ್ಧದ ಸಿನಿಮಾವೊಂದರ ಚಿತ್ರೀಕರಣಕ್ಕೆ ಹಳೆಯ ಬಂದೂಕೊಂದನ್ನು ತಂದು ಹೇಸರಗತ್ತೆಯ ಬೆನ್ನಿಗೆ ಕಟ್ಟಿದರು. ಅದು ನಿಜವಾದ ಯುದ್ಧ ಕಂಡಿದ್ದ ಬಂದೂಕು. ಗುಂಡಿನ ಸದ್ದಿಗೆ ಹೇಸರಗತ್ತೆ ಜೋರಾಗಿ ಅರಚಿತು. "ಭೇಷ್! ಎಷ್ಟು ಸಹಜ!" ಎಂದ ನಿರ್ದೇಶಕ.

"ಹೇಗಿತ್ತು?" ಎಂದು ಹೇಸರಗತ್ತೆ ಬೀಗುತ್ತಾ ಕೇಳಿತು.

"ನಿನ್ನ ಜೀನು ಸರಿ, ಲಾಳವೂ ಸರಿ. ಕೂಗು ಮಾತ್ರ ಸುಳ್ಳು," ಎಂದಿತು ಬಂದೂಕು. "ಅಂದು ನನ್ನನ್ನು ಹೊತ್ತಿದ್ದ ಹೇಸರಗತ್ತೆ ಅರಚಲಿಲ್ಲ. ಶತ್ರುವಿಗೆ ಕೇಳಿಸಬಾರದೆಂದು ನಮ್ಮವರೇ ಅದರ ಗಂಟಲಿನ ಧ್ವನಿತಂತು ಕತ್ತರಿಸಿದ್ದರು."

"ಗುಂಡು ತಗುಲಿದಾಗ?"

"ಬಾಯಿ ತೆರೆಯಿತು, ಅಷ್ಟೇ."

ಮುಂದಿನ ಶಾಟ್‌ನಲ್ಲಿ ಹೇಸರಗತ್ತೆ ಬಾಯಿ ಮಾತ್ರ ತೆರೆಯಿತು, ಸದ್ದು ಮಾಡಲಿಲ್ಲ.

"ಕಟ್!" ಎಂದು ನಿರ್ದೇಶಕ ರೇಗಿದ. "ಯುದ್ಧ ಅಂದ್ರೆ ಏನಂತಾನೇ ಇದಕ್ಕೆ ಗೊತ್ತಿಲ್ಲ. ಬೇರೆ ತನ್ನಿ."