ಲೇಹ್ಯಕ್ಕೆ ಕೊಟ್ಟ ಎಮ್ಮೆ

"ಗುರುಗಳೇ, ಸಣಕಲು ಮೈಯವರು ಡಬ್ಬದ ಪುಡಿ ತಿನ್ನದೆ ಮೈ ತುಂಬಿಕೊಳ್ಳುವುದಕ್ಕೆ ಆಗುವುದೇ ಇಲ್ಲವೇ?"

ಹೀಗೆ ಕೇಳಿದವನು ಚೆಲುವರಾಜ. ಗರಡಿಯಲ್ಲಿ ಆ ದಿನದ ಸಾಮು ಮುಗಿದಿತ್ತು. ಉಳಿದ ಹುಡುಗರು ಮೈಗೆ ಹತ್ತಿದ ಮಣ್ಣು ತೊಳೆಯಲು ಹೋಗಿದ್ದರು.

"ಮುಂದಿನ ಕುಸ್ತಿಗೆ ನನ್ನ ಹೆಸರು ಕೊಟ್ಟಿದ್ದೀರಿ. ಈ ಕಡ್ಡಿ ಮೈ ಹೊತ್ತು ಅಖಾಡಕ್ಕೆ ಇಳಿದರೆ ಜನ ನಗುತ್ತಾರೆ. ನೆನೆಸಿಕೊಂಡರೇ ಭಯವಾಗುತ್ತದೆ. ಅಂಗಡಿಯಲ್ಲಿ ಒಂದು ಡಬ್ಬ ನೋಡಿಟ್ಟಿದ್ದೇನೆ. ದುಡ್ಡೂ ಕೂಡಿಸುತ್ತಿದ್ದೇನೆ."

ಉಸ್ತಾದ್ ಜವರಯ್ಯನವರು ಅವನ ತೋಳು ಹಿಡಿದು ನೋಡಿದರು. "ಕೂತುಕೋ. ಒಬ್ಬ ರೈತನ ಕತೆ ಹೇಳುತ್ತೇನೆ. ಮಧ್ಯೆ ಬಾಯಿ ಹಾಕಬೇಡ" ಎಂದು ಶುರುಮಾಡಿದರು.

ಒಬ್ಬ ರೈತನಿದ್ದ. ನಿನ್ನ ಹಾಗೇ ಸಣಕಲ. ಪಕ್ಕದ ಊರಿನವನೊಬ್ಬ ಕುಸ್ತಿಯಲ್ಲಿ ಅವನನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಚಿತ್ ಮಾಡಿದ್ದ. ಆ ಅವಮಾನ ಇವನಿಗೆ ನುಂಗಲಾರದ ತುತ್ತಾಯಿತು. ಮುಂದಿನ ವರ್ಷ ಅವನನ್ನು ಕೆಡವಲೇಬೇಕು ಎಂದು ದಿನಾ ಸಾಮು ಮಾಡಿದ. ಹೊಟ್ಟೆ ತುಂಬ ಮುದ್ದೆ ಉಂಡ. ಮನೆಯಲ್ಲೊಂದು ಎಮ್ಮೆಯಿತ್ತು, ಅದರ ಹಾಲು ಕುಡಿದ. ಮೈ ಬರುತ್ತಿತ್ತು, ಆದರೆ ನಿಧಾನವಾಗಿ ಬರುತ್ತಿತ್ತು. ಇವನಿಗೋ ನಾಳೆಯೇ ಬರಬೇಕು. ಅಯ್ಯೋ, ಮೈ ಅನ್ನುವುದೇನು ಸಂತೆಯಿಂದ ತಂದು ತೊಡುವ ಅಂಗಿಯೇ?

ಆಗ ಊರಿಗೆ ಒಬ್ಬ ವ್ಯಾಪಾರಿ ಬಂದ. ಅವನ ಬಳಿ ಒಂದು ಭರಣಿ ಲೇಹ್ಯ ಇತ್ತು. ತಿಂದವನು ವರ್ಷ ತಿರುಗುವುದರೊಳಗೆ ಜಟ್ಟಿಯಾಗುತ್ತಾನೆ ಎಂದ. ರೈತನ ಕೈಯಲ್ಲಿ ಕಾಸಿರಲಿಲ್ಲ. ವ್ಯಾಪಾರಿ ಕೊಟ್ಟಿಗೆಯ ಕಡೆ ನೋಡಿದ. ರೈತ ಹಿಂದೆ ಮುಂದೆ ನೋಡದೆ ಎಮ್ಮೆಯ ಹಗ್ಗ ಬಿಚ್ಚಿ ಅವನ ಕೈಗಿಟ್ಟ. ಲೇಹ್ಯವನ್ನು ಹೇಗೆ ತಿನ್ನಬೇಕು ಎಂದು ಕೇಳುವಷ್ಟು ತಾಳ್ಮೆಯೂ ಅವನಿಗಿರಲಿಲ್ಲ. ತಾಯಿ ಬಾಯಿ ಬಾಯಿ ಬಡಿದುಕೊಂಡಳು. ಇವನು ಕಿವಿಗೇ ಹಾಕಿಕೊಳ್ಳಲಿಲ್ಲ.

ದಿನಾ ಲೇಹ್ಯವನ್ನು ನೀರಲ್ಲಿ ಕಲಸಿ ಕುಡಿದ. ತಿಂಗಳುಗಳು ಕಳೆದವು. ಸಾಮು ಮಾಡುವಾಗ ಕಾಲು ನಡುಗತೊಡಗಿತು. ಅಷ್ಟೋ ಇಷ್ಟೋ ಬಂದಿದ್ದ ಮೈಯೂ ಇಳಿದುಹೋಯಿತು. ಕುಸ್ತಿ ಹತ್ತಿರ ಬಂತು, ಭರಣಿಯ ತಳ ಕಂಡಿತು. ರೈತನಿಗೆ ಮೈಯೆಲ್ಲ ಉರಿಯಿತು. ಖಾಲಿ ಭರಣಿ ಹಿಡಿದುಕೊಂಡು ವ್ಯಾಪಾರಿಯ ಮನೆಗೇ ಹೋದ.

"ಮೋಸಗಾರ! ನಿನ್ನ ಲೇಹ್ಯದಲ್ಲಿ ಏನೂ ಇಲ್ಲ!" ಎಂದು ಬಾಗಿಲಲ್ಲೇ ನಿಂತು ಕೂಗಿದ.

ವ್ಯಾಪಾರಿಗೆ ಕೋಪ ಬರಲಿಲ್ಲ. "ಯಾವುದರಲ್ಲಿ ಕಲಸಿ ಕುಡಿದೆಯಪ್ಪ?" ಎಂದು ಕೇಳಿದ.

"ನೀರಲ್ಲಿ."

"ಅಯ್ಯೋ ಪುಣ್ಯಾತ್ಮ! ಅದನ್ನು ದೊಡ್ಡ ಲೋಟದ ತುಂಬ ಹಾಲಿಗೆ ಹಾಕಿ ಕುಡಿಯಬೇಕು. ಎಮ್ಮೆಯ ಹಾಲಾದರೆ ಇನ್ನೂ ಒಳ್ಳೆಯದು."

ಹಿತ್ತಲಲ್ಲಿ ಎಮ್ಮೆ ಕೂಗಿತು. ಆ ದನಿ ಯಾರದೆಂದು ರೈತನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಂದ ದಾರಿ ಹಿಡಿದು ಹಿಂದಕ್ಕೆ ಹೊರಟ. ಆ ವರ್ಷ ಅವನು ಕುಸ್ತಿಗೆ ಇಳಿಯಲೇ ಇಲ್ಲ.

ಉಸ್ತಾದರು ಕತೆ ನಿಲ್ಲಿಸಿದರು. ಚೆಲುವರಾಜ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಎಂಥ ಪೆದ್ದ ಗುರುಗಳೇ! ಮೈ ಕೊಡುತ್ತಿದ್ದ ಎಮ್ಮೆಯನ್ನೇ ಕೊಟ್ಟು ಲೇಹ್ಯ ತಂದನೇ?"

ಉಸ್ತಾದರು ನಗಲಿಲ್ಲ.

"ಆ ಡಬ್ಬಕ್ಕೆ ದುಡ್ಡು ಕೂಡಿಸಬೇಕೆಂದು ನೀನು ಮಧ್ಯಾಹ್ನದ ಊಟ ಬಿಟ್ಟು ಎಷ್ಟು ದಿನವಾಯಿತಪ್ಪ?"