ಬೋರಲಿಂಗನ ಹತ್ತು ಕಿಲೋಮೀಟರ್

ಬನ್ರಪ್ಪ, ಕೂತ್ಕೊಳ್ಳಿ. ಎಲೆ ಅಡಿಕೆ ಹಾಕ್ಕೊಳ್ಳೋರು ಹಾಕ್ಕೊಳ್ಳಿ, ನಗು ಬಂದಾಗ ಮಾತ್ರ ನನ್ನ ಮೇಲೆ ಉಗುಳಬೇಡಿ.

ಚಿಕ್ಕತಾಯಮ್ಮನಿಗೆ ಒಬ್ಬನೇ ಮಗ, ಬೋರಲಿಂಗ. ವಯಸ್ಸು ಇಪ್ಪತ್ತು, ಎತ್ತರ ಆರಡಿ. ಬುದ್ಧಿ ಕೊಡೋದನ್ನ ಮಾತ್ರ ದೇವರು ಮರೆತಿದ್ದ. ಹೇಳಿದ್ದನ್ನ ಚಾಚೂ ತಪ್ಪದೆ ಮಾಡೋನು. ತೊಂದರೆ ಇದ್ದಿದ್ದೇ ಅದರಲ್ಲಿ! ಯಾರ ಹತ್ರ ಕೆಲಸಕ್ಕೆ ಸೇರಿಸಿದರೂ ಸಂಜೆಗೆ ವಾಪಸು.

ಒಂದಿನ ಚಿಕ್ಕತಾಯಮ್ಮ ಸ್ನಾನಕ್ಕೆ ನೀರು ಕಾಯಿಸೋಕಿಟ್ಟು, "ಲೋ, ಸೀಗೆಪುಡಿ ಮುಗಿದದೆ. ಅಂಗಡಿಗೆ ಓಡಿಹೋಗಿ ಓಡಿಬಾ" ಅಂದಳು. ಅಂಗಡಿ ಇರೋದು ನಾಲ್ಕು ಕಿಲೋಮೀಟರ್ ದೂರ. ನೀರು ಕಾಯೋದರೊಳಗೆ ಮಗ ವಾಪಸು ಬಂದ. ಕೈ ಖಾಲಿ!

"ಪುಡಿ ಎಲ್ಲೋ?"

"ಓಡಿಹೋಗಿ ಓಡಿಬಾ ಅಂದೆ, ಹೋದೆ, ಬಂದೆ. ತಗೊಂಡು ಬಾ ಅಂದ್ಯಾ?"

ಅವಳು ಹಣೆ ಚಚ್ಚಿಕೊಂಡಳು. ಬೀದೀಲಿ ನಿಂತಿದ್ದ ಡ್ರಿಲ್ ಮೇಷ್ಟ್ರು ಜವರಪ್ಪ ಮಾತ್ರ ಗಡಿಯಾರ ನೋಡಿಕೊಂಡು ಬಾಯಿ ಬಿಟ್ಟರು. "ತಾಯಿ, ಇವನು ಚಿನ್ನ! ನಾರಿನ ಕಾರ್ಖಾನೆಯವರು ಈ ಸಲ ಹತ್ತು ಕಿಲೋಮೀಟರ್ ಓಟ ಇಟ್ಟವರೆ. ಮೊದಲು ಬಂದೋನಿಗೆ ಗೇಟಿನ ಕಾವಲು ಕೆಲಸ, ಕಾಯಂ. ನನಗೆ ಬಿಟ್ಟುಬಿಡಿ."

ಮೇಷ್ಟ್ರು ಜನ್ಮದಲ್ಲಿ ಓಡಿದ್ದು ಒಂದೇ ಸಲ, ಬಸ್ಸಿನ ಹಿಂದೆ. ಅದೂ ಸಿಗಲಿಲ್ಲ. ಆದರೆ ಮೂರು ದಿನದ ತರಬೇತಿಗೆ ಹೋಗಿಬಂದಿದ್ದರು ನೋಡಿ, ಆವತ್ತಿಂದ ಓಟಗಾರರ ಮನಶ್ಶಾಸ್ತ್ರವೆಲ್ಲ ಅವರ ಜೇಬಿನಲ್ಲೇ! ಚಿಕ್ಕತಾಯಮ್ಮನಿಗೆ ಮನಶ್ಶಾಸ್ತ್ರ ಬೇಕಿರಲಿಲ್ಲ. ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಅನ್ನ ಹಾಕೋರು ಯಾರು ಅನ್ನೋದೊಂದೇ ಅವಳ ಸಂಕಟ. ಕಾವಲು ಕೆಲಸ ಅಂದ ತಕ್ಷಣ ಕೈ ಮುಗಿದಳು.

ಅದಕ್ಕೆ ಮುಂಚೆ ಅಭ್ಯಾಸಕ್ಕೆ ಅಂತ ಹೋಬಳಿ ಓಟ. ಮೇಷ್ಟ್ರು ಹೇಳಿದರು: "ಶುರುವಿಗೇ ನುಗ್ಗಬೇಡ. ಎಲ್ಲಾರನ್ನೂ ಮುಂದೆ ಬಿಡು. ಆಮೇಲೆ ನೀನು."

ಸೀಟಿ ಊದಿದರು. ಬೋರಲಿಂಗ ರಸ್ತೆ ಪಕ್ಕಕ್ಕೆ ಸರಿದು, "ಹೋಗಣ್ಣ, ಹೋಗಣ್ಣ" ಅಂತ ಓಟಗಾರರನ್ನೆಲ್ಲ ಮುಂದೆ ಬಿಟ್ಟ. ಹಿಂದೆ ಒಂದು ಸೈಕಲ್ ಬಂತು, ಅದನ್ನೂ ಬಿಟ್ಟ. ಎತ್ತಿನ ಗಾಡಿ ಬಂತು, ಬಿಟ್ಟ. ಕುರಿ ಮಂದೆ ಬಂತು, ಬಿಟ್ಟ. ಕೊನೇಲೊಂದು ಕುಂಟು ಕುರಿ ಇತ್ತು, ಅದನ್ನೂ ಬಿಟ್ಟ. ಬಹುಮಾನ ಕೊಟ್ಟು, ಶಾಮಿಯಾನ ಬಿಚ್ಚಿ, ಜನ ಮನೆಗೆ ಹೊರಟರೂ ಇವನು ನಿಂತೇ ಇದ್ದ.

"ರಸ್ತೇಲಿ ಜನ ಮುಗೀಲೇ ಇಲ್ಲ ಮೇಷ್ಟ್ರೇ!"

"ಅಯ್ಯೋ ಮುಠ್ಠಾಳ! ಯಾವನು ಎಲ್ಲಾರಿಗಿಂತ ಮುಂದೆ ಓಡ್ತಾನೋ ಅವನ ಬೆನ್ನು ಹಿಡಿ. ಅವನು ಎಲ್ಲಿಗೆ ಹೋದ್ರೆ ಅಲ್ಲಿಗೆ ಹೋಗು. ಬಿಡಬೇಡ!"

"ಬಿಡಲ್ಲ ಮೇಷ್ಟ್ರೇ!"

ತಾಲ್ಲೂಕು ಓಟದಲ್ಲಿ ಬಿಡಲೇ ಇಲ್ಲ. ಮುಂದಿದ್ದ ಹುಡುಗನಿಗೆ ಆರನೇ ಕಿಲೋಮೀಟರಿನಲ್ಲಿ ಹೊಟ್ಟೆ ಹಿಡಕೊಂತು. ಅವನು ಓಟ ಬಿಟ್ಟು ಬಸ್ ಹತ್ತಿದ, ಇವನೂ ಹತ್ತಿದ. ಅವನು ಮನೆಗೆ ಹೋದ, ಇವನೂ ಹೋದ. ಮಾರನೇ ದಿನ ಆ ಹುಡುಗನಿಗೆ ಹೆಣ್ಣು ನೋಡೋ ಶಾಸ್ತ್ರ. ಇವನು ಚಡ್ಡಿ ಬನಿಯನ್ನಿನಲ್ಲೇ ಪಕ್ಕದಲ್ಲಿ ಕೂತು ಎರಡು ತಟ್ಟೆ ಉಪ್ಪಿಟ್ಟು, ಮೂರು ತಟ್ಟೆ ಕೇಸರಿಭಾತು ಮುಗಿಸಿದ. "ಇವರು ಯಾರು?" ಅಂತ ಹೆಣ್ಣಿನ ಅಪ್ಪ ಕೇಳಿದರೆ, "ನಾನು ಇವನ ಬೆನ್ನು ಹಿಡಿದೋನು. ಜನ್ಮದಲ್ಲಿ ಬಿಡಲ್ಲ!" ಅಂದ. ಸಂಬಂಧ ಅಲ್ಲೇ ಮುರಿದುಬಿತ್ತು.

ಮೂರನೇ ದಿನಕ್ಕೆ ಮಗ ಮನೆ ಸೇರಿದಾಗ ಚಿಕ್ಕತಾಯಮ್ಮ ಪೊರಕೆ ತಗೊಂಡಳು. "ನನ್ನ ಹೊಟ್ಟೆ ಉರಿಸೋಕೇ ಹುಟ್ಟಿದ್ಯೇನೋ? ಮೇಷ್ಟ್ರೇ, ಕಾರ್ಖಾನೆ ಓಟಕ್ಕೆ ಹದಿನೈದೇ ದಿನ ಇರೋದು! ಏನಾದ್ರೂ ಮಾಡಿ!"

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮನಶ್ಶಾಸ್ತ್ರ ತೆಗೆದರು. "ಲೋ, ಬೇರೆಯವರನ್ನ ಮರೆತುಬಿಡು. ನಿನ್ನ ಮೈ ಏನು ಹೇಳುತ್ತೋ ಅದನ್ನ ಕೇಳು."

ಮಾರನೇ ಬೆಳಿಗ್ಗೆ ಅಭ್ಯಾಸಕ್ಕೆ ಅಂತ ಹೋದವನು ಮಧ್ಯಾಹ್ನವಾದರೂ ಇಲ್ಲ. ತಾಯಿ ಹುಡುಕಿಕೊಂಡು ಹೋದಳು. ಮೋರಿ ಕಟ್ಟೆ ಮೇಲೆ ಗೊರಕೆ!

"ಹೊಟ್ಟೆ ಇಡ್ಲಿ ಅಂತು ಕಣವ್ವ, ತಿಂದೆ. ಕಣ್ಣು ಮಲಕ್ಕೋ ಅಂತು, ಮಲಕ್ಕೊಂಡೆ. ಕಾಲನ್ನೂ ಕೇಳ್ದೆ. ಅದು ಬೇಡ ಅಂತು."

ತಾಯಿ ಅವನನ್ನ ಸೀದಾ ಮೇಷ್ಟ್ರ ಮನೆಗೆ ಎಳಕೊಂಡು ಹೋದಳು. "ಮೇಷ್ಟ್ರೇ! ಬೇಡ ಅಂತಂತೆ ಕಾಲು!"

ಮೇಷ್ಟ್ರು ಕೆಂಪಗಾದರು. "ಮೈ ಮಾತು ಕೇಳಬೇಡ್ವೋ ಪೆದ್ದ! ಓಟ ಗೆಲ್ಲೋದು ಕಾಲಲ್ಲಲ್ಲ, ತಲೇಲಿ. ಓಡೋ ದಿನ ಬೆಳಿಗ್ಗೆ ಕಣ್ಣು ಮುಚ್ಕೊಂಡು ಪೂರ್ತಿ ಹತ್ತು ಕಿಲೋಮೀಟರ್ ತಲೇಲಿ ಓಡು. ಅಲ್ಲಿ ಏನಾಗುತ್ತೋ ಇಲ್ಲೂ ಅದೇ ಆಗೋದು. ತಿಳೀತಾ?"

"ತಿಳೀತು ಮೇಷ್ಟ್ರೇ!"

ತಿಳೀತು ಅಂದಾಗಲೇ ಚಿಕ್ಕತಾಯಮ್ಮನ ಎದೆ ಧಸಕ್ ಅಂತು.

ಆ ದಿನ ಬಂತು. ಕಾರ್ಖಾನೆ ಮುಂದೆ ಜನವೋ ಜನ. ಗೆದ್ದವರನ್ನ ನಿಲ್ಲಿಸೋಕೆ ಮೂರು ಮೆಟ್ಟಿಲ ಹಲಗೆ, ಹಾಕೋಕೆ ಹೂವಿನ ಹಾರ ತಂದಿಟ್ಟಿದ್ದರು. ಚಿಕ್ಕತಾಯಮ್ಮ ಸೆರಗು ಗಟ್ಟಿಯಾಗಿ ಹಿಡಕೊಂಡು, ಸ್ವಾಮೀ ಇದೊಂದು ಸಲ ಅಂತ ಕಂಡ ದೇವರಿಗೆಲ್ಲ ಬೇಡಿಕೊಂಡಳು. ಢಂ ಅಂತ ಪಟಾಕಿ ಹಾರಿಸಿದರು. ಎಲ್ಲರೂ ಓಡಿದರು. ಬೋರಲಿಂಗ ಗೆರೆ ಮೇಲೇ ನಿಂತಿದ್ದ, ಕೈ ಕಟ್ಟಿಕೊಂಡು!

"ಓಡೋ! ಓಡೋ ನನ್ನಪ್ಪ!"

"ಆಯ್ತು ಕಣವ್ವ. ಬೆಳಿಗ್ಗೇನೇ ಓಡ್ದೆ."

ಮೇಷ್ಟ್ರು ಏದುಸಿರು ಬಿಡುತ್ತಾ ಬಂದರು. "ಗೆದ್ಯೇನೋ?"

"ಇಲ್ಲ ಮೇಷ್ಟ್ರೇ. ಮೂರು ಸಲ ಓಡ್ದೆ. ಮೂರು ಸಲಾನೂ ಎರಡನೇದೇ ಬಂದೆ."

"ನಿನ್ನ ತಲೇಲೇ ನೀನು ಎರಡನೇದಾ! ಮೊದಲು ಯಾವನೋ ಬಂದ?"

"ನೀವೇ! ಕಣ್ಣು ಮುಚ್ಚಿದ್ರೆ ಸಾಕು, ನೀವೇ ಮುಂದೆ ಮುಂದೆ ಓಡ್ತಾ ಅದು ಮಾಡು, ಇದು ಮಾಡಬೇಡ ಅಂತ ಬೈತಾ ಇದ್ರಿ. ಎಷ್ಟು ಓಡಿದ್ರೂ ಹಿಂದಾಕೋಕೆ ಆಗ್ಲಿಲ್ಲ!"

ಚಿಕ್ಕತಾಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕೆಲಸ ಕೈಬಿಟ್ಟು ಹೋಗಿತ್ತು. ಅಷ್ಟು ಅಳುವಿನಲ್ಲೂ ಮೇಷ್ಟ್ರ ಹೊಟ್ಟೆ ಕಡೆ ಒಂದು ಸಲ ನೋಡಿ ಹೇಳಿದಳು: "ಹಂಗಾದ್ರೆ ನಾಳೆಯಿಂದ ಗೇಟು ಕಾಯೋಕೆ ನೀವೇ ಹೋಗಿ ಮೇಷ್ಟ್ರೇ. ಗೆದ್ದೋರು ನೀವು ತಾನೆ!"

ಬೋರಲಿಂಗನಿಗೆ ಆ ಮಾತು ಬಹಳ ಸರಿ ಅನ್ನಿಸಿತು. ಬೇಡ ಕಣೋ, ಬಿಡೋ ಅಂತ ಮೇಷ್ಟ್ರು ಬಡಕೊಳ್ಳುತ್ತಿದ್ದರೂ ಅವರನ್ನ ಅನಾಮತ್ತು ಎತ್ತಿ ಹಲಗೆಯ ಮೊದಲನೇ ಮೆಟ್ಟಿಲ ಮೇಲೆ ನಿಲ್ಲಿಸಿ, ಹಾರ ಹಾಕಿ, ಎರಡನೇ ಮೆಟ್ಟಿಲ ಮೇಲೆ ತಾನು ನಿಂತು ಚಪ್ಪಾಳೆ ತಟ್ಟಿದ. ಹತ್ತು ಕಿಲೋಮೀಟರ್ ಓಡಿ, ಎಲ್ಲರಿಗಿಂತ ಮೊದಲು ಗೆರೆ ಮುಟ್ಟಿದ ಹುಡುಗ ಬಂದು ನೋಡಿದರೆ, ಅವನಿಗೆ ನಿಲ್ಲೋಕೆ ಉಳಿದಿದ್ದು ಮೂರನೇ ಮೆಟ್ಟಿಲು.